ಟರ್ಮಿನೇಟರ್ 2: ಐದು ನಿಮಿಷ ಕಂಪ್ಯೂಟರ್, ಮಿಕ್ಕಿದ್ದೆಲ್ಲ ಕೈಕೆಲಸ

ಹಳೇ ರೀಲು:

ಟರ್ಮಿನೇಟರ್ 2 ಅಂದ ಕೂಡಲೇ ಎಲ್ಲರೂ ಜಾನ್ ಅನ್ನುವ ಹುಡುಗನನ್ನು ಕೊಲ್ಲಲು ಭವಿಷ್ಯದಿಂದ ಬರುವ, ಪೊಲೀಸ್ ವೇಷದ ಆ ದ್ರವಲೋಹದ ಯಂತ್ರ ಟಿ-1000 ಬಗ್ಗೆಯೇ ಮಾತಾಡುತ್ತಾರೆ. ಕರಗುತ್ತಾನೆ, ಹರಿಯುತ್ತಾನೆ, ಮತ್ತೆ ಎದ್ದು ನಿಲ್ಲುತ್ತಾನೆ. "ಕಂಪ್ಯೂಟರ್ ಗ್ರಾಫಿಕ್ಸ್ ಯುಗ ಶುರುವಾಗಿದ್ದೇ ಅಲ್ಲಿಂದ" ಅಂತ ಒಂದು ಮಾತು ಸೇರಿಸಿ ಮುಗಿಸುತ್ತಾರೆ. ಸುಳ್ಳಲ್ಲ, ಆದರೆ ಅರ್ಧ ಮಾತು. 1991ರ ಜುಲೈನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಈ ಸಿನಿಮಾ 137 ನಿಮಿಷ ಇದೆ. ಅದರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಟಿ-1000 ಕಾಣಿಸುವುದು ಎಲ್ಲ ಸೇರಿಸಿದರೂ ಐದು ನಿಮಿಷದ ಆಸುಪಾಸು. ಮಿಕ್ಕಿದ್ದು ರಬ್ಬರು, ಸ್ಪ್ರಿಂಗು, ಬೊಂಬೆ, ಅವಳಿಗಳು, ನಿಜವಾದ ಲಾರಿ, ನಿಜವಾದ ಹೆಲಿಕಾಪ್ಟರ್. ಆ ಐದು ನಿಮಿಷವನ್ನು ನಾವು ಇವತ್ತಿಗೂ ನಂಬುತ್ತೇವಲ್ಲ, ಅದು ಮಿಕ್ಕ ಕೈಕೆಲಸದ ಪುಣ್ಯ ಅನ್ನುವುದು ನನ್ನ ವಾದ.

ಒಂದೇ ಒಂದು ದೃಶ್ಯ ತಗೊಳ್ಳಿ. ಹುಚ್ಚಾಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕಾವಲುಗಾರ ಕಾಫಿ ಮಷಿನ್ ಹತ್ತಿರ ಬರುತ್ತಾನೆ. ಕಪ್ಪಿನ ಮೇಲೆ ಇಸ್ಪೀಟಿನ ಎಲೆಗಳ ಚಿತ್ರ, ಪೋಕರ್ ಆಡಿಸುವ ಕಪ್ಪು ಅದು. ಅವನಿಗೆ ಒಳ್ಳೇ ಎಲೆಗಳೇ ಬಿದ್ದಿವೆ, ಖುಷಿಯಾಗುತ್ತಾನೆ. ಅವನ ಹಿಂದೆ ಕಪ್ಪು-ಬಿಳುಪು ಚೌಕದ ನೆಲ ಉಬ್ಬುತ್ತದೆ. ಆ ಚೌಕಗಳ ಸಮೇತ ಒಂದು ಆಕಾರ ಏಳುತ್ತದೆ. ಇಲ್ಲಿವರೆಗೆ ಕಂಪ್ಯೂಟರ್. ತಿರುಗಿ ನೋಡಿದರೆ ಎದುರಿಗೆ ತನ್ನದೇ ಮುಖ! ಇಲ್ಲಿ ಕಂಪ್ಯೂಟರ್ ಇಲ್ಲವೇ ಇಲ್ಲ. ಡಾನ್ ಸ್ಟಾಂಟನ್, ಡ್ಯಾನ್ ಸ್ಟಾಂಟನ್ ಅನ್ನುವ ಅವಳಿ ನಟರನ್ನು ಎದುರುಬದುರು ನಿಲ್ಲಿಸಿದ್ದಾರೆ, ಅಷ್ಟೆ. ಆಮೇಲೆ ಬೆರಳು ಸೂಜಿಯಾಗಿ ಕಣ್ಣಿಗೆ ಇಳಿಯುವುದು ಬೇರೆ ಕಥೆ. ನೋಡುವವನ ತಲೆ ಇನ್ನೂ ಆ ನೆಲದಲ್ಲೇ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ಅವಳಿಗಳನ್ನೂ ಗ್ರಾಫಿಕ್ಸ್ ಅಂದುಕೊಳ್ಳುತ್ತಾನೆ. ಒಂದು ಮೋಸ ಇನ್ನೊಂದು ಮೋಸಕ್ಕೆ ಸಾಕ್ಷಿ ಹೇಳುತ್ತದೆ.

ಗುಂಡು ಬಿದ್ದ ಕಡೆ ಎದೆಯಲ್ಲಿ ಬೆಳ್ಳಿಯ ಹೂವಿನಂಥ ತೂತು ಅರಳುತ್ತದಲ್ಲ, ಅದೂ ಅಷ್ಟೆ. ಸ್ಟಾನ್ ವಿನ್‌ಸ್ಟನ್ ತಂಡ ಮಾಡಿದ ಲೋಹದ ಬಣ್ಣದ ಫೋಮ್ ರಬ್ಬರ್ ತುಂಡುಗಳು ಅವು. ಅಂಗಿಯ ಒಳಗೆ ಮಡಚಿ ಇಟ್ಟಿರುತ್ತಾರೆ, ಸರಿಯಾದ ಕ್ಷಣಕ್ಕೆ ಬಿಡಿಸುತ್ತಾರೆ. ಆ ತೂತು ಮುಚ್ಚಿಕೊಳ್ಳುವಾಗ ಮಾತ್ರ ಐ.ಎಲ್.ಎಂ. ಅನ್ನುವ ವಿಷುವಲ್ ಎಫೆಕ್ಟ್ಸ್ ಕಂಪನಿಯ ಕಂಪ್ಯೂಟರ್ ಕೆಲಸ. ಡೆನಿಸ್ ಮ್ಯೂರೆನ್ ಅದರ ಉಸ್ತುವಾರಿ.

ಹುಡುಗನ ತಾಯಿ ಸಾರಾ ಆಗಿ ನಟಿಸಿದ ಲಿಂಡಾ ಹ್ಯಾಮಿಲ್ಟನ್‌ಗೂ ಲೆಸ್ಲಿ ಅನ್ನುವ ಅವಳಿ ಸೋದರಿ ಇದ್ದರು. ಕೊನೆಯಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಟಿ-1000 ಸಾರಾ ರೂಪ ತಾಳಿ ಇಬ್ಬರು ಸಾರಾ ಕಾಣಿಸುವುದು ಅವರಿಂದ. ಆದರೆ ಅವರ ನಿಜವಾದ ಕರಾಮತ್ತು ಥಿಯೇಟರಿನಲ್ಲಿ ಬಂದೇ ಇಲ್ಲ, ಕತ್ತರಿ ಬಿತ್ತು. ಆಮೇಲೆ ಬಂದ ಉದ್ದದ ಆವೃತ್ತಿಯಲ್ಲಿ ನೋಡಿ. ಕನ್ನಡಿ ಮುಂದೆ ಕೂರಿಸಿ ಅರ್ನಾಲ್ಡ್ ನಟಿಸಿದ ಟರ್ಮಿನೇಟರ್ ಯಂತ್ರದ ತಲೆಯಿಂದ ಚಿಪ್ ತೆಗೆಯುವ ದೃಶ್ಯ. ಅಲ್ಲಿ ಕನ್ನಡಿಯೇ ಇಲ್ಲ! ಗೋಡೆಯಲ್ಲಿ ಖಾಲಿ ಚೌಕಟ್ಟು. ಈ ಕಡೆ ಅರ್ನಾಲ್ಡನ ಬೊಂಬೆ, ಆ ಕಡೆ ನಿಜವಾದ ಅರ್ನಾಲ್ಡ್. ಎರಡೂ ಕಡೆ ಅಕ್ಕ-ತಂಗಿ ಒಬ್ಬರನ್ನೊಬ್ಬರು ನೋಡಿಕೊಂಡು ಒಂದೇ ತಾಳಕ್ಕೆ ಕೈ ಆಡಿಸುತ್ತಿದ್ದಾರೆ.

ನಿಮಗೆ ಇಷ್ಟವಾದ ಇಂಥ ಕೈಕೆಲಸ ಯಾವುದು? ಹೇಳಿ.

ಬಾಲ್ಕನಿ ಟಿಕೆಟ್:

ಕನ್ನಡಿ ಇಲ್ವಾ!! ಗುರು, ಇಷ್ಟು ವರ್ಷ ನಾನು ಆ ಸೀನ್ ನೋಡಿ "ಕ್ಯಾಮೆರಾ ಯಾಕೆ ಕನ್ನಡಿಯಲ್ಲಿ ಕಾಣ್ತಿಲ್ಲ" ಅಂತ ತಲೆ ಕೆರೆದುಕೊಳ್ಳುತ್ತಿದ್ದೆ.

ಕಡಲ ಕಿನಾರೆ:

ನನ್ನ ವೋಟು ಹೆಲಿಕಾಪ್ಟರಿಗೆ ಮಾರಾಯ್ರೆ. ಹೈವೇ ಚೇಸಿನಲ್ಲಿ ಅದು ಮೇಲ್ಸೇತುವೆಯ ಕೆಳಗೆ ನುಗ್ಗಿ ಆಚೆ ಬರುತ್ತದಲ್ಲ, ಅದು ಮಾಡೆಲ್ ಅಲ್ಲ. ಚಕ್ ಟಂಬೂರೊ ಅನ್ನುವ ಪೈಲಟ್ ನಿಜವಾಗಿಯೂ ಹಾರಿಸಿದ್ದು. ಇದು ಅಪಾಯ, ನಮ್ಮಿಂದಾಗದು ಅಂತ ಕ್ಯಾಮೆರಾದವರು ಹಿಂದೆ ಸರಿದರು. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ತಾನೇ ಕ್ಯಾಮೆರಾ ಹಿಡಿದು ಕೂತ. ಹುಚ್ಚು ಧೈರ್ಯ. ಇವತ್ತು ಯಾರೂ ಹಾಗೆ ಮಾಡಬಾರದು, ಮಾಡಲು ಬಿಡಲೂಬಾರದು. ಆದರೆ ಪರದೆಯ ಮೇಲೆ ಅದರ ತೂಕವೇ ಬೇರೆ.

ಅದೇ ಚೇಸಿನಲ್ಲಿ ಇನ್ನೊಂದು ತಮಾಷೆ ಇದೆ. ಟಿ-1000 ಹೆಲಿಕಾಪ್ಟರ್ ಓಡಿಸುತ್ತಾ ಗುಂಡೂ ಹಾರಿಸುತ್ತಾನೆ, ಬಂದೂಕಿಗೆ ಮದ್ದೂ ತುಂಬುತ್ತಾನೆ. ಅವನ ಕೈ ಎಷ್ಟು ಅಂತ ಒಮ್ಮೆ ಎಣಿಸಿ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ, ಕ್ಯಾಮೆರಾ ಅಲ್ಲಿ ನಿಲ್ಲುವುದೂ ಇಲ್ಲ. ಈಗಿನ ಸಿನಿಮಾ ಆಗಿದ್ದರೆ ಆ ಜಾಸ್ತಿ ಕೈಗಳಿಗೇ ಒಂದು ಸ್ಲೋ ಮೋಷನ್ ಇಟ್ಟಿರುತ್ತಿದ್ದರು.

ಬಾಲ್ಕನಿ ಟಿಕೆಟ್:

ಈಗಷ್ಟೇ ಹಾಕಿ ನೋಡಿದೆ. ನಾಲ್ಕು!

ನೈಟ್‌ಶೋ:

ಎಲ್ಲ ಸರಿ ಸಾರ್. ಆದರೆ ಕೈಕೆಲಸ ಅಂತ ಬಂದರೆ 1984ರ ಮೊದಲ ಟರ್ಮಿನೇಟರ್ ಮುಂದೆ ಇದು ಶ್ರೀಮಂತರ ಮದುವೆ. ಎರಡನೆಯದಕ್ಕೆ ಸುರಿದದ್ದು ಸುಮಾರು 10 ಕೋಟಿ ಡಾಲರ್. ಆಗಿನ ಕಾಲಕ್ಕೆ ಅತಿ ದುಬಾರಿ ಸಿನಿಮಾ ಅಂತ ಹೆಸರಾಗಿತ್ತು. ಮೊದಲನೆಯದಕ್ಕೆ 64 ಲಕ್ಷ ಡಾಲರ್. ಕ್ಯಾಮರೂನ್ ರೋಮ್‌ನಲ್ಲಿ ಜ್ವರ ಬಂದು ಮಲಗಿದ್ದಾಗ ಬೆಂಕಿಯಿಂದ ಎದ್ದು ಬರುವ ಲೋಹದ ಅಸ್ಥಿಪಂಜರ ಕನಸಲ್ಲಿ ಕಂಡನಂತೆ. ಆ ಕನಸು ಒಂದೇ ಬಂಡವಾಳ. ತಾನೇ ನಿರ್ದೇಶನ ಮಾಡಬೇಕು ಅನ್ನುವ ಷರತ್ತಿನ ಮೇಲೆ ಕಥೆಯ ಹಕ್ಕನ್ನು ನಿರ್ಮಾಪಕಿ ಗೇಲ್ ಆನ್ ಹರ್ಡ್‌ಗೆ ಒಂದು ಡಾಲರ್‌ಗೆ ಕೊಟ್ಟ. ಆ ಅಸ್ಥಿಪಂಜರ ನಡೆಯುವುದು ಸ್ಟಾಪ್ ಮೋಷನ್‌ನಲ್ಲಿ, ಒಂದೊಂದೇ ಫ್ರೇಮ್ ತಳ್ಳಿ ತಳ್ಳಿ. ಸ್ವಲ್ಪ ಕುಂಟುತ್ತದೆ. ಆ ಕುಂಟೇ ಭಯ ಹುಟ್ಟಿಸುತ್ತದೆ.

ಅದರಲ್ಲಿ ಅರ್ನಾಲ್ಡ್ ಯಮ. ಇದರಲ್ಲಿ ಅಂಕಲ್. ಹುಡುಗನ ಜೊತೆ ಸೇರಿ ಹೆಬ್ಬೆರಳು ಎತ್ತುವುದು, ನಗಲು ಕಲಿಯುವುದು... ಇದೆಲ್ಲ ನನಗೆ ಆಗಿಬರುವುದಿಲ್ಲ.

ಹಳೇ ರೀಲು:

ನೈಟ್‌ಶೋ ಅವರೇ, ಮೊದಲನೆಯದು ನನಗೂ ಇಷ್ಟ. ಅಮೆರಿಕದ ರಾಷ್ಟ್ರೀಯ ಸಿನಿಮಾ ಸಂಗ್ರಹಕ್ಕೆ ಮೊದಲನೆಯದು 2008ರಲ್ಲಿ, ಎರಡನೆಯದು 2023ರಲ್ಲಿ ಸೇರಿತು. ಅವರೇ ಜಗಳ ಬಗೆಹರಿಸಿಕೊಂಡಿಲ್ಲ, ನಾವ್ಯಾಕೆ ಬಗೆಹರಿಸಬೇಕು.

"ಅಂಕಲ್" ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಆ ಅಂಕಲ್‌ನ ಹಿಂದೆ ಮೊದಲ ಸಿನಿಮಾದ ಯಮನೇ ನಿಂತಿದ್ದಾನೆ. ಶಾಪಿಂಗ್ ಮಾಲಿನ ಹಿಂಬದಿಯ ಓಣಿ ನೆನಪು ಮಾಡಿಕೊಳ್ಳಿ. ಒಂದು ಕಡೆ ಗುಲಾಬಿ ಹೂವಿನ ಡಬ್ಬದಲ್ಲಿ ಬಂದೂಕು ಇಟ್ಟುಕೊಂಡು ಬರುವ ಅರ್ನಾಲ್ಡ್. ಇನ್ನೊಂದು ಕಡೆ ಸಭ್ಯ ಪೊಲೀಸಪ್ಪ. ಹೂವುಗಳು ನೆಲಕ್ಕೆ ಬೀಳುತ್ತವೆ, ಬೂಟು ಅವುಗಳ ಮೇಲೆ ಬೀಳುತ್ತದೆ. ಅಲ್ಲಿವರೆಗೆ ಯಾರು ಕಾಯುವವನು, ಯಾರು ಕೊಲ್ಲುವವನು ಅಂತ ಸಿನಿಮಾ ಬಾಯಿ ಬಿಟ್ಟು ಹೇಳಿಲ್ಲ. ಅರ್ನಾಲ್ಡ್ ಹುಡುಗನನ್ನು ಎಳೆದು ತನ್ನ ಬೆನ್ನಿಗೆ ಗುಂಡು ತಗೊಂಡಾಗಲೇ ಖಾತ್ರಿಯಾಗುವುದು. ಆ ಗುಟ್ಟನ್ನು ಟ್ರೇಲರ್‌ನಲ್ಲೇ ಬಿಟ್ಟುಕೊಟ್ಟರು ಅನ್ನುವುದು ಬೇರೆ ಮಾತು. ಮಾರ್ಕೆಟಿಂಗ್‌ನವರು ಎಲ್ಲ ಕಾಲದಲ್ಲೂ ಹಾಗೇ.

ಇನ್ನೊಂದು ಮಾತು. ದ್ರವಲೋಹದ ಟರ್ಮಿನೇಟರ್ ಮೊದಲನೇ ಸಿನಿಮಾ ಹೊತ್ತಿಗೇ ಕ್ಯಾಮರೂನ್ ತಲೆಯಲ್ಲಿತ್ತು. ಆಗ ಅದನ್ನು ತೋರಿಸುವ ದಾರಿ ಇರಲಿಲ್ಲ. 1989ರ "ದಿ ಅಬಿಸ್" ಸಿನಿಮಾದಲ್ಲಿ ನೀರಿನ ಕಂಬವೊಂದು ಮನುಷ್ಯರ ಮುಖ ತಾಳುವ ಸಣ್ಣ ದೃಶ್ಯ ಮಾಡಿ ಪರೀಕ್ಷೆ ನೋಡಿದ. ಅದು ಗೆದ್ದ ಮೇಲೆಯೇ ಇದಕ್ಕೆ ಕೈ ಹಾಕಿದ್ದು.

ನಸುಕು:

ಗಂಡಸರೆಲ್ಲ ಯಂತ್ರದ ಬಗ್ಗೆಯೇ ಮಾತಾಡುತ್ತಿದ್ದೀರಲ್ಲ, ಸಾರಾ ಕಾನರ್ ಎಲ್ಲಿ ಹೋದಳು?

ಆಸ್ಪತ್ರೆಯ ದೃಶ್ಯಕ್ಕೇ ಬರುತ್ತೇನೆ. ಪೇಪರ್ ಕ್ಲಿಪ್ಪಿನಿಂದ ಬೀಗ ಬಿಡಿಸಿ, ಪೊರಕೆ ಕೋಲು ಮುರಿದು, ಡಾಕ್ಟರ ಕುತ್ತಿಗೆಗೆ ಸಿರಿಂಜ್ ಹಿಡಿದು ಅವಳು ಹೊರಗೆ ಬರುತ್ತಾಳೆ. ಅಲ್ಲಿವರೆಗೆ ಅವಳ ಮುಖದಲ್ಲಿ ಭಯ ಅನ್ನುವುದೇ ಇಲ್ಲ. ಲಿಫ್ಟ್ ಬಾಗಿಲು ತೆರೆಯುತ್ತದೆ. ಹಿಂದೆ ತನ್ನನ್ನು ಕೊಲ್ಲಲು ಬಂದವನ ಅದೇ ಮುಖ. ಅವಳು ಜಾರಿ ಬೀಳುತ್ತಾಳೆ. ಆ ನುಣುಪು ನೆಲದ ಮೇಲೆ ಕೈಕಾಲು ಬಡಿಯುತ್ತಾ ಹಿಂದಕ್ಕೆ ಸರಿಯುತ್ತಾಳೆ, ಯಾರಿಂದ ತಪ್ಪಿಸಿಕೊಂಡಳೋ ಆ ಕಾವಲುಗಾರರ ಕಡೆಗೇ ಓಡುತ್ತಾಳೆ. ಅಷ್ಟು ಗಟ್ಟಿ ಹೆಂಗಸು ಒಂದೇ ಕ್ಷಣದಲ್ಲಿ ಮೊದಲ ಸಿನಿಮಾದ ಹೋಟೆಲ್ ಹುಡುಗಿ ಆಗಿಬಿಡುತ್ತಾಳೆ. ಲಿಂಡಾ ಹ್ಯಾಮಿಲ್ಟನ್ ತೋಳುಗಳ ಬಗ್ಗೆ ಎಲ್ಲರೂ ಬರೆದರು. ಇಸ್ರೇಲಿನ ಮಾಜಿ ಕಮಾಂಡೊ ಒಬ್ಬರ ಹತ್ತಿರ ತಿಂಗಳುಗಟ್ಟಲೆ ತಾಲೀಮು ಮಾಡಿದ್ದರು, ನಿಜ. ನನಗೆ ಆ ಜಾರಿ ಬೀಳುವುದೇ ದೊಡ್ಡ ನಟನೆ.

ಆಗ ಟರ್ಮಿನೇಟರ್ ಕೈ ಚಾಚಿ, ಬದುಕಬೇಕಿದ್ದರೆ ನನ್ನ ಜೊತೆ ಬಾ ಅನ್ನುತ್ತಾನೆ. ಮೊದಲ ಸಿನಿಮಾದಲ್ಲಿ ಇದೇ ಮಾತನ್ನು ಹೇಳಿದವನು ಕೈಲ್ ರೀಸ್, ಅವಳನ್ನು ಕಾಯಲು ಭವಿಷ್ಯದಿಂದ ಬಂದವನು, ಜಾನ್‌ನ ಅಪ್ಪ, ಅವಳು ಪ್ರೀತಿಸಿದವನು, ಅವಳಿಗಾಗಿ ಸತ್ತವನು. ಈಗ ಅದೇ ಮಾತು ಶತ್ರುವಿನ ಬಾಯಲ್ಲಿ.

ಆಮೇಲೆ ಕಾರಿನೊಳಗಿನ ದೃಶ್ಯ. ಅವಳು ಮಗನನ್ನು ಹತ್ತಿರ ಎಳೆದುಕೊಳ್ಳುತ್ತಾಳೆ. ಜಾನ್ ಅದನ್ನು ಅಪ್ಪುಗೆ ಅಂದುಕೊಳ್ಳುತ್ತಾನೆ. ಅವಳು ನೋಡುತ್ತಿರುವುದು ಗಾಯ ಆಗಿದೆಯಾ ಅಂತ! ತಲೆ, ತೋಳು, ಬೆನ್ನು ತಡವಿ ನೋಡಿ, ಆಮೇಲೆ ನನ್ನನ್ನು ಬಿಡಿಸಲು ಯಾಕೆ ಬಂದೆ ಅಂತ ಬೈಯುತ್ತಾಳೆ. ಹುಡುಗ ಅಳುತ್ತಾನೆ. ಕಣ್ಣಿಗೆ ಏನಾಯಿತು ಅಂತ ಯಂತ್ರ ಕೇಳುತ್ತದೆ. ತಾಯಿ ಕೇಳುವುದಿಲ್ಲ.

ಹಳೇ ರೀಲು:

ನಸುಕು ಮೇಡಂ, ಇದಕ್ಕೆ ಒಂದು ಎಳೆ ಸೇರಿಸುತ್ತೇನೆ. ಮೊದಲ ಸಿನಿಮಾದ ನೈಟ್‌ಕ್ಲಬ್ಬಿನಲ್ಲಿ ಟರ್ಮಿನೇಟರ್ ಪಿಸ್ತೂಲಿನ ಕೆಂಪು ಲೇಸರ್ ಚುಕ್ಕೆ ಸಾರಾ ಹಣೆಯ ಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಮುಂದೆ ಮನುಷ್ಯರ ಮೇಲೆ ತಿರುಗಿಬೀಳುವ ಸ್ಕೈನೆಟ್ ಅನ್ನುವ ಕಂಪ್ಯೂಟರಿಗೆ ದಾರಿ ಮಾಡುವ ವಿಜ್ಞಾನಿ ಮೈಲ್ಸ್ ಡೈಸನ್ ಮನೆಯಲ್ಲಿ ಕೂತು ಕೆಲಸ ಮಾಡುತ್ತಿರುತ್ತಾನೆ. ಅವನ ಬೆನ್ನ ಮೇಲೆ ಅದೇ ಕೆಂಪು ಚುಕ್ಕೆ ಹರಿದಾಡುತ್ತದೆ. ಬಂದೂಕು ಹಿಡಿದವಳು ಸಾರಾ! ಮಗುವಿನ ರಿಮೋಟ್ ಆಟಿಕೆ ಗಾಡಿ ಕಾಲಿಗೆ ಬಡಿದು ಅವನು ಬಗ್ಗುತ್ತಾನೆ, ಗುಂಡು ತಪ್ಪುತ್ತದೆ. ಆಮೇಲೆ ಅವಳು ಮನೆಯೊಳಗೆ ನಡೆದು ಬರುವುದನ್ನು ಗಮನಿಸಿ. ಅವಸರ ಇಲ್ಲ, ಮುಖದಲ್ಲಿ ಏನೂ ಇಲ್ಲ. ಟರ್ಮಿನೇಟರ್ ನಡೆಯುವುದೂ ಹಾಗೇ. ಸಣ್ಣ ಮಗ ಅಪ್ಪನ ಮೇಲೆ ಬಿದ್ದು ಅಡ್ಡ ಬರುತ್ತಾನೆ, ಆಗ ಅವಳ ಕೈ ಸೋಲುತ್ತದೆ.

ಇತ್ತ ಯಂತ್ರ ಕೊಲ್ಲುವುದಿಲ್ಲ ಅಂತ ಹುಡುಗನಿಗೆ ಮಾತು ಕೊಟ್ಟು ಮೊಣಕಾಲಿಗೆ ಗುಂಡು ಹಾಕುತ್ತಿದೆ. ಡೈಸನ್ ಕೆಲಸ ಮಾಡುವ ಸೈಬರ್‌ಡೈನ್ ಕಂಪನಿಯ ಕಟ್ಟಡದ ಮುಂದೆ ಅಷ್ಟೊಂದು ಪೊಲೀಸ್ ಗಾಡಿಗಳನ್ನು ಜಜ್ಜಿ ಹಾಕಿದ ಮೇಲೂ ಅದರ ಕಣ್ಣಿನ ಲೆಕ್ಕದಲ್ಲಿ ಸತ್ತವರು ಸೊನ್ನೆ. ಇಂಥ ಲೆಕ್ಕ ಇಟ್ಟ ಆ್ಯಕ್ಷನ್ ಸಿನಿಮಾ ಆಗ ಬೇರೆ ಯಾವುದಿತ್ತು?

ಡೆಸಿಬಲ್:

ನಾನು ಸೌಂಡ್ ಕೆಲಸದವನು, ಅದಕ್ಕೇ ಕಿವಿಯ ಕಡೆಯಿಂದ ಬರುತ್ತೇನೆ. ಇದಕ್ಕೆ ಬಂದ ನಾಲ್ಕು ಆಸ್ಕರ್‌ಗಳಲ್ಲಿ ಎರಡು ಶಬ್ದಕ್ಕೇ ಬಂದವು. ಇನ್ನೆರಡು ವಿಷುವಲ್ ಎಫೆಕ್ಟ್ಸ್ ಮತ್ತು ಮೇಕಪ್‌ಗೆ.

ಟಿ-1000 ಆಸ್ಪತ್ರೆಯ ಕಬ್ಬಿಣದ ಸರಳುಗಳ ನಡುವೆ ತೂರಿ ಬರುವಾಗ ಒಂದು ಲೊಳಕ್ ಶಬ್ದ ಇದೆ. ಏನದು? ನಾಯಿ ಊಟದ ಡಬ್ಬಿ ಬೋರಲು ಹಾಕಿದರೆ ಮುದ್ದೆ ನಿಧಾನ ಜಾರಿ ಬರುತ್ತದಲ್ಲ, ಆ ಶಬ್ದ. ಗ್ಯಾರಿ ರಿಡ್‌ಸ್ಟ್ರಾಮ್ ಅನ್ನುವ ಸೌಂಡ್ ಡಿಸೈನರ್ ಮಾಡಿದ್ದು. ಕೋಟಿಗಟ್ಟಲೆ ಖರ್ಚಿನ ಗ್ರಾಫಿಕ್ಸ್‌ಗೆ ಜೀವ ಕೊಟ್ಟದ್ದು ಕಿರಾಣಿ ಅಂಗಡಿಯ ಒಂದು ಡಬ್ಬಿ.

ಅದೇ ದೃಶ್ಯದಲ್ಲಿ ಇನ್ನೊಂದು ಇದೆ. ಮೈಯೆಲ್ಲ ಸರಳು ದಾಟಿ ಬಂತು, ಕೈಯಲ್ಲಿದ್ದ ಪಿಸ್ತೂಲು ಮಾತ್ರ ಟಣ್ ಅಂತ ಸಿಕ್ಕಿಕೊಳ್ಳುತ್ತದೆ. ಯಾಕೆಂದರೆ ಅದು ನಿಜವಾದ ಪಿಸ್ತೂಲು, ಕರಗುವುದಿಲ್ಲ. ಅವನು ಕೈ ತಿರುಗಿಸಿ ಅದನ್ನು ಬಿಡಿಸಿಕೊಳ್ಳುತ್ತಾನೆ. ಆ ಒಂದು ಟಣ್ ಇಲ್ಲದಿದ್ದರೆ ಆ ದೃಶ್ಯ ಬರೀ ಮ್ಯಾಜಿಕ್ ಆಗುತ್ತಿತ್ತು. ಯಾರೋ ಕೂತು ಯೋಚನೆ ಮಾಡಿದ್ದಾರೆ ಅಂತ ಗೊತ್ತಾಗುವುದು ಇಂಥ ಕಡೆ.

ಸಂಗೀತ ಬ್ರ್ಯಾಡ್ ಫೀಡೆಲ್ ಅವರದು. ಮೊದಲ ಸಿನಿಮಾದ ಆ ಢಣ್ ಢಣ್ ಲೋಹದ ಏಟಿಗೆ ಅವರು ಬಡಿದದ್ದು ಅಡುಗೆಮನೆಯ ಕಬ್ಬಿಣದ ಬಾಣಲೆ.

ಇನ್ನೊಂದು ಬೇಜಾರಿನ ವಿಷಯ. ಲಿಫ್ಟಿನೊಳಗೆ ಬಂದೂಕು ಹಾರಿಸುವ ದೃಶ್ಯ ತೆಗೆಯುವಾಗ ಲಿಂಡಾ ಹ್ಯಾಮಿಲ್ಟನ್ ಇಯರ್‌ಪ್ಲಗ್ ಹಾಕಿಕೊಳ್ಳಲು ಮರೆತಿದ್ದರು. ಒಂದು ಕಿವಿಗೆ ಶಾಶ್ವತವಾಗಿ ಪೆಟ್ಟು ಬಿತ್ತು. ಸೆಟ್‌ನಲ್ಲಿ ನಾನು ಹುಡುಗರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ.

ಕುಲುಮೆ:

ಪೀಣ್ಯದಲ್ಲಿ ಎರಕದ ಕೆಲಸ ಮಾಡಿದವನು ನಾನು. ಎಲ್ಲರೂ ಹೊಗಳುತ್ತಿದ್ದೀರಿ, ಒಂದು ತಕರಾರು ಇರಲಿ. ಕ್ಲೈಮ್ಯಾಕ್ಸ್ ನಡೆಯುವುದು ಕರಗಿದ ಉಕ್ಕಿನ ದೊಡ್ಡ ತೊಟ್ಟಿಯ ಪಕ್ಕ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಅಷ್ಟು ದೊಡ್ಡ ತೊಟ್ಟಿಯ ನೆತ್ತಿಯ ಮೇಲೆ ಬರೀ ಬನಿಯನ್ ಹಾಕಿಕೊಂಡು ಯಾರೂ ನಿಲ್ಲಲಾರರು. ನಾವು ಕರಗಿದ ಲೋಹ ಹೊರುವ ಸಣ್ಣ ಲ್ಯಾಡಲ್ ಹತ್ತಿರ ಹೋಗುವಾಗಲೇ ಮುಖ ತಿರುಗಿಸುತ್ತಿದ್ದೆವು.

ಎರಡನೆಯದು, ಕೊನೆಗೆ ಟರ್ಮಿನೇಟರ್ ಹೆಬ್ಬೆರಳು ಎತ್ತಿ ಆ ತೊಟ್ಟಿಯಲ್ಲಿ ಮುಳುಗುವುದು. ಕರಗಿದ ಉಕ್ಕು ನೀರಿಗಿಂತ ಸುಮಾರು ಏಳು ಪಟ್ಟು ಭಾರ. ಮೈಮೇಲೆ ಮಾಂಸ, ಚರ್ಮ ಹೊತ್ತ ಆ ಟರ್ಮಿನೇಟರ್ ಅಷ್ಟು ಸಲೀಸಾಗಿ ಮುಳುಗುವುದು ಅನುಮಾನ. ತೇಲುತ್ತಾನೆ. ತೇಲುತ್ತಾ ಹೆಬ್ಬೆರಳು ಎತ್ತಿದ್ದರೆ ಥಿಯೇಟರಿನಲ್ಲಿ ಜನ ಅಳುತ್ತಿರಲಿಲ್ಲ, ನಗುತ್ತಿದ್ದರು.

ಹಳೇ ರೀಲು:

ಕುಲುಮೆ ಸಾರ್, ನಿಮ್ಮ ತಕರಾರಿಗೆ ಅಲ್ಲೇ ಉತ್ತರ ಇದೆ. ಅದು ಕ್ಯಾಲಿಫೋರ್ನಿಯಾದ ಫಾಂಟಾನಾದಲ್ಲಿ ಕೆಲಸ ನಿಂತುಹೋಗಿದ್ದ ಕೈಸರ್ ಉಕ್ಕಿನ ಕಾರ್ಖಾನೆ. ಅಲ್ಲಿ ಕರಗಿದ ಉಕ್ಕು ಒಂದು ತೊಟ್ಟೂ ಇರಲಿಲ್ಲ. ಆ ಕಾವೆಲ್ಲ ಛಾಯಾಗ್ರಾಹಕ ಆಡಮ್ ಗ್ರೀನ್‌ಬರ್ಗ್ ಹಾಕಿದ ಕಿತ್ತಳೆ ಬೆಳಕು. ನಟರ ಮೈ ಬೆವರು ಕೂಡ ಸಿಂಪಡಿಸಿದ್ದು.

ಕುಲುಮೆ:

ಹಾಗಾದರೆ ಆ ಬೆಳಕಿನವರಿಗೆ ನಮಸ್ಕಾರ. ಬಣ್ಣ ಮಾತ್ರ ಪಕ್ಕಾ ಬಂದಿದೆ, ಅದರಲ್ಲಿ ತಕರಾರಿಲ್ಲ.

ಕಡಲ ಕಿನಾರೆ:

ಅಣು ಬಾಂಬಿನ ಕನಸನ್ನು ಯಾರೂ ಹೇಳಲಿಲ್ಲ! ಸಾರಾ ತಂತಿ ಬೇಲಿ ಹಿಡಿದು ಕಿರುಚುತ್ತಾಳೆ, ಆಚೆ ಮಕ್ಕಳು ಆಡುತ್ತಿದ್ದಾರೆ, ಯಾರಿಗೂ ಕೇಳಿಸುವುದಿಲ್ಲ. ಆಮೇಲೆ ಲಾಸ್ ಏಂಜಲೀಸ್ ಧೂಳಾಗುತ್ತದೆ. ಅದು ಹೆಚ್ಚಾಗಿ ಮಿನಿಯೇಚರ್, ಅಂದರೆ ಪುಟ್ಟ ಮಾದರಿಗಳು. ರಾಬರ್ಟ್ ಮತ್ತು ಡೆನಿಸ್ ಸ್ಕೋಟಾಕ್ ಸಹೋದರರ ಕೆಲಸ. ಚೂರಾಗಿ ಹಾರುವ ಕಟ್ಟಡಗಳಿಗೆ ಅವರು ಬಳಸಿದ್ದರಲ್ಲಿ ಯಹೂದಿಗಳ ಗರಿಗರಿ ಮಾಟ್ಸೊ ರೊಟ್ಟಿಯೂ ಇತ್ತು, ಬೆಳಗಿನ ತಿಂಡಿಗೆ ತಿನ್ನುವ ಗೋಧಿ ಬಿಲ್ಲೆಯೂ ಇತ್ತು. ಅದನ್ನು ತಿಳಿದುಕೊಂಡು ನೋಡಿದರೂ ಹೊಟ್ಟೆಯಲ್ಲಿ ಸಂಕಟ ಕಡಿಮೆಯಾಗುವುದಿಲ್ಲ ಮಾರಾಯ್ರೆ.

ಬಾಲ್ಕನಿ ಟಿಕೆಟ್:

ಒಂದು ಡೌಟು. ಸ್ಕೈನೆಟ್ ಹುಟ್ಟಲೇ ಇಲ್ಲ ಅಂದರೆ ಕೈಲ್ ರೀಸ್‌ನನ್ನು ಹಿಂದಕ್ಕೆ ಕಳಿಸುವವರು ಯಾರು? ಅವನು ಬರಲಿಲ್ಲ ಅಂದರೆ ಜಾನ್ ಹುಟ್ಟಿದ್ದು ಹೇಗೆ?

ನೈಟ್‌ಶೋ:

ಆ ಡೌಟು ಬಂದವರೆಲ್ಲ ಸೇರಿ ಮುಂದಿನ ಭಾಗಗಳನ್ನು ಮಾಡಿದರು. 2003, 2009, 2015, 2019. ಫಲಿತಾಂಶ ನೀವೇ ನೋಡಿದ್ದೀರಿ. ಸುಮ್ನೆ ಬಿಟ್ಟುಬಿಡಿ.

ಡೆಸಿಬಲ್:

ನೈಟ್‌ಶೋ, ಇದೊಂದು ಮಾತಿಗೆ ನೂರು ಲೈಕು.

ಇಬ್ಬರು ಮಕ್ಕಳ ಅಪ್ಪ:

ಎಲ್ಲರ ಮಾತೂ ಓದಿದೆ, ಥ್ಯಾಂಕ್ಸ್. ನನ್ನದು ಸರಳ ಪ್ರಶ್ನೆ. ದೊಡ್ಡ ಮಗಳಿಗೆ ಹದಿಮೂರು, ಚಿಕ್ಕವನಿಗೆ ಒಂಬತ್ತು. ಇಬ್ಬರಿಗೂ ರೋಬೋ ಹುಚ್ಚು. ತೋರಿಸಬಹುದಾ? ಯಾವ ಆವೃತ್ತಿ?

ನಸುಕು:

ಚಿಕ್ಕವನಿಗೆ ಈಗ ಬೇಡ ಅಂತ ನನ್ನ ಅಭಿಪ್ರಾಯ. ಅಮೆರಿಕದಲ್ಲೇ ಇದಕ್ಕೆ ಆರ್ ಸರ್ಟಿಫಿಕೇಟ್, ಅಂದರೆ ದೊಡ್ಡವರ ಜೊತೆಯಿಲ್ಲದೆ ಮಕ್ಕಳು ನೋಡುವಂತಿಲ್ಲ. ಸಾಕು ತಂದೆ ಹಾಲಿನ ಡಬ್ಬ ಎತ್ತಿ ಕುಡಿಯುತ್ತಿರುವಾಗ ಡಬ್ಬದ ಸಮೇತ ಬಾಯೊಳಗೆ ಕತ್ತಿ ತೂರುತ್ತದೆ. ಕಾವಲುಗಾರನ ಕಣ್ಣು. ಟರ್ಮಿನೇಟರ್ ತನ್ನ ಕೈ ಚರ್ಮ ಸುಲಿದು ತೋರಿಸುವುದು. ಎಲ್ಲಕ್ಕಿಂತ ಜಾಸ್ತಿ ಆ ಅಣು ಬಾಂಬಿನ ಕನಸು, ಅಲ್ಲಿ ಸಾಯುವುದು ಮಕ್ಕಳು. ರೋಬೋ ನೋಡಲು ಕೂತ ಮಗು ಅದನ್ನು ಹೊತ್ತುಕೊಂಡು ಮಲಗುತ್ತದೆ.

ಮಗಳಿಗೆ ತೋರಿಸಿ, ಪಕ್ಕದಲ್ಲಿ ಕೂತುಕೊಳ್ಳಿ. ಸಾರಾ ಬಗ್ಗೆ ಅವಳು ಏನು ಹೇಳಿದಳು ಅಂತ ಇಲ್ಲಿ ಬಂದು ಬರೆಯಿರಿ.

ಹಳೇ ರೀಲು:

ಮೊದಲ ಸಲ ನೋಡುವವರಿಗೆ 137 ನಿಮಿಷದ ಥಿಯೇಟರ್ ಆವೃತ್ತಿಯೇ ಸರಿ. ಉದ್ದದ ಆವೃತ್ತಿ ಸುಮಾರು ಕಾಲು ಗಂಟೆ ಜಾಸ್ತಿ. ಕನ್ನಡಿ ದೃಶ್ಯ, ಕೈಲ್ ರೀಸ್ ಬರುವ ಕನಸು, ಟರ್ಮಿನೇಟರ್ ನಗಲು ಕಲಿಯುವುದು, ಹೆಪ್ಪುಗಟ್ಟಿ ಒಡೆದ ಮೇಲೆ ಟಿ-1000 ಕೈಗೆ ಕಂಬಿಯ ಬಣ್ಣ ಅಂಟಿಕೊಳ್ಳುವುದು, ಎಲ್ಲ ಅದರಲ್ಲಿವೆ. ಆದರೆ ಓಟ ಸ್ವಲ್ಪ ಕುಂಟುತ್ತದೆ. ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಟ್ರೇಲರ್ ಮಾತ್ರ ತೋರಿಸಬೇಡಿ, ಮಾಲಿನ ಓಣಿ ಅವಳಿಗೆ ಹೊಸದಾಗಿಯೇ ಸಿಗಲಿ.

ಇಬ್ಬರು ಮಕ್ಕಳ ಅಪ್ಪ:

ಸರಿ. ಚಿಕ್ಕವನನ್ನು ಶನಿವಾರ ಅಜ್ಜಿ ಮನೆಗೆ ಕಳಿಸುತ್ತೇನೆ. ಹೆಲಿಕಾಪ್ಟರ್ ಸೀನ್ ಒಂದನ್ನು ಮಾತ್ರ ಅವನಿಗೆ ಬೇರೆಯಾಗಿ ತೋರಿಸಲಾ? ಕೈ ಎಣಿಸಲಿ.

ಕಡಲ ಕಿನಾರೆ:

ಧಾರಾಳ ತೋರಿಸಿ. ಆದರೆ ಪೈಲಟ್ ಹೊರಗೆ ಹಾರಿದ ಮೇಲಿಂದ ಶುರು ಮಾಡಿ, ಲಾರಿ ಬರುವ ಮುಂಚೆ ನಿಲ್ಲಿಸಿ.